ಮುಳ್ಳು ಅನ್ನೋ ಪದ ಯಾಕೆ ಚುಚ್ಚಲ್ಲ? ಸದ್ದು, ಅರ್ಥ ಮತ್ತು ಒಂದು ಉದ್ದನೆ ಜಗಳ

ಕೆರೆಏರಿ (ಚರ್ಚೆ ಶುರು ಮಾಡಿದವರು)

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ 40 ನಿಮಿಷದ ಒಂದು ಭಾಷಾ ಚಟುವಟಿಕೆ ಬೇಕಿದೆ. ವಿಷಯ: ಪದಕ್ಕೂ ಅದರ ಅರ್ಥಕ್ಕೂ ಏನಾದರೂ ನಂಟಿದೆಯಾ, ಇಲ್ಲಾ ಬರೀ ರೂಢಿಯಾ? ಪಠ್ಯದಲ್ಲಿ ಒಂದು ಕಡೆ "ಭಾಷೆ ಯಾದೃಚ್ಛಿಕ ಸಂಕೇತಗಳ ವ್ಯವಸ್ಥೆ" ಅಂತಿದೆ, ಅಂದರೆ ಪದಕ್ಕೂ ಅರ್ಥಕ್ಕೂ ಸಹಜ ನಂಟಿಲ್ಲ, ಬರೀ ರೂಢಿ ಅಂತ. ವ್ಯಾಕರಣದ ಅಧ್ಯಾಯಕ್ಕೆ ಬಂದರೆ ಅನುಕರಣಾವ್ಯಯ ಅಂತ ಚಟಚಟ, ದಬದಬ, ಧಗಧಗ ಅಂತ ಪಟ್ಟಿ. ಎರಡೂ ಒಟ್ಟಿಗೆ ಹೇಗೆ ನಿಜ ಅಂತ ಮಕ್ಕಳು ಕೇಳೇ ಕೇಳ್ತಾರೆ. ಬೂಬಾ–ಕಿಕಿ ಪ್ರಯೋಗ (ಅರ್ಥವಿಲ್ಲದ ಎರಡು ಹೆಸರು ಹೇಳಿ, ಯಾವುದು ಮೊನಚು ಚಿತ್ರದ್ದು, ಯಾವುದು ದುಂಡು ಚಿತ್ರದ್ದು ಅಂತ ಕೇಳೋದು) ಮಾಡಿಸೋದು ಒಂದು ದಾರಿ. ಅದನ್ನು ಸರಿಯಾಗಿ ಮಾಡಿಸೋದು ಹೇಗೆ? ಕನ್ನಡದ ಉದಾಹರಣೆಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು?

ಸಕ್ಕರೆಸೀಮೆ

ನಂಟು ಇದ್ದೇ ಇದೆ. ಇದರಲ್ಲಿ ಚರ್ಚೆ ಏನು? ಗುಂಡು, ದುಂಡು, ಉಂಡೆ, ಮುದ್ದೆ, ಬೋಂಡ, ಗುಡ್ಡೆ, ಡುಬ್ಬ, ಉಬ್ಬು. ದುಂಡಗಿರೋದಕ್ಕೆಲ್ಲ ಉಕಾರ ಒಕಾರ. ಬಾಯಿ ದುಂಡಗೆ ಮಾಡದೆ ಮುದ್ದೆ ಅನ್ನೋಕೇ ಆಗಲ್ಲ.

ಕಾಗುಣಿತ

ಸರಿ. ಈಗ ಚೂಪಾಗಿರೋದರ ಪಟ್ಟಿ: ಮುಳ್ಳು, ಸೂಜಿ, ಚೂರಿ, ಮೊನೆ, ಕೊಂಬು, ಉಗುರು. "ಚೂಪು" ಅನ್ನೋ ಪದವೇ ಊಕಾರ. ಎಲ್ಲದಕ್ಕೂ ಬಾಯಿ ದುಂಡಗೇ ಆಗುತ್ತೆ. ಈಗ ಏನಂತೀರಿ?

ಸಕ್ಕರೆಸೀಮೆ

ಸ್ವರ ಬಿಡಿ, ವ್ಯಂಜನ ನೋಡಿ. ಚೂಪು, ಸೂಜಿ, ಚೂರಿ ಇದರಲ್ಲಿ ಚ, ಸ. ಗುಂಡು, ದುಂಡು, ಬೋಂಡದಲ್ಲಿ ಗ, ದ, ಬ.

ಕಾಗುಣಿತ

ಮುಳ್ಳು, ಮೊನೆ ಎರಡಕ್ಕೂ ಮೊದಲು ಮಕಾರ. ಮುದ್ದೆಗೂ ಅದೇ. ಮೊದಲು ಸ್ವರ ಅಂದ್ರಿ, ಅದು ಕೈಕೊಟ್ಟ ಮೇಲೆ ವ್ಯಂಜನ ಅಂತಿದ್ದೀರಿ. ಹೀಗೆ ಆಟದ ನಡುವೆ ಗೋಲ್ ಪೋಸ್ಟ್ ಎತ್ತಿಕೊಂಡು ಓಡಾಡಿದರೆ ಯಾವ ಭಾಷೇಲಿ ಏನು ಬೇಕಾದರೂ ಸಾಬೀತು ಮಾಡಬಹುದು.

ಗಂಗೋತ್ರಿ_ಬೆಂಚು

ಈ ಎರಡು ಪಟ್ಟಿಗಳನ್ನು ಹಾಗೇ ತರಗತಿಗೆ ಒಯ್ಯಬಹುದು. ಪದ ನೋಡಿ ಪಟ್ಟಿ ಮಾಡಿದರೆ ಬೇಕಾದ್ದೇ ಸಿಗುತ್ತೆ. ಅರ್ಥಗಳ ಪಟ್ಟಿಯನ್ನು ಮೊದಲು ನಿಗದಿ ಮಾಡಬೇಕು, ಆಮೇಲೆ ಆ ಅರ್ಥಕ್ಕೆ ಇರುವ ಪದ ಇಷ್ಟವಾಗಲಿ ಬಿಡಲಿ ಎದುರಿಗೆ ಬರೆಯಬೇಕು. ಸ್ವಾಡೇಶ್ ಪಟ್ಟಿ ಅಂತ ಕಣ್ಣು, ಮೂಗು, ನೀರು, ಕಲ್ಲು ಥರದ ಮೂಲ ಅರ್ಥಗಳ ಪಟ್ಟಿ ಇದೆ. ಅದನ್ನಿಟ್ಟುಕೊಂಡು 2016ರಲ್ಲಿ ಬ್ಲಾಸಿ ಮತ್ತು ಸಂಗಡಿಗರು ಪ್ರಪಂಚದ ಸುಮಾರು ಮೂರನೇ ಎರಡರಷ್ಟು ಭಾಷೆಗಳ ಪದಪಟ್ಟಿಗಳನ್ನು ಜಾಲಾಡಿದರು. ನಂಟಿಲ್ಲದ ಭಾಷಾ ಕುಟುಂಬಗಳಲ್ಲೂ ಮತ್ತೆ ಮತ್ತೆ ಬಂದ ಕೆಲವು ಜೋಡಿಗಳು: ಮೂಗಿಗೆ ನ, ನಾಲಿಗೆಗೆ ಲ, ಕೆಂಪಿಗೆ ರ, ಮರಳಿಗೆ ಸ, ಸಣ್ಣದಕ್ಕೆ ಇ, ಮೊಲೆಗೆ ಮ, ಎಲೆಗೆ ಪ, ಬ ಅಥವಾ ಲ.

ಕನ್ನಡಕ್ಕೆ ಹಚ್ಚಿ ನೋಡಿ. ನಾಲಿಗೆಯಲ್ಲಿ ಲ ಇದೆ. ಮೊಲೆಯಲ್ಲಿ ಮ ಇದೆ. ಎಲೆಯಲ್ಲಿ ಲ ಇದೆ. ಚಿಕ್ಕದರಲ್ಲಿ ಇ ಇದೆ, ಆದರೆ ಸಣ್ಣದರಲ್ಲಿ ಇಲ್ಲ. ಮೂಗಿನಲ್ಲಿ ನ ಇಲ್ಲ, ಕೆಂಪಲ್ಲಿ ರ ಇಲ್ಲ, ಮರಳಲ್ಲಿ ಸ ಇಲ್ಲ. ಅರ್ಧ ಹೌದು, ಅರ್ಧ ಅಲ್ಲ. ಅಲ್ಲಿ ಸಿಕ್ಕಿದ್ದು ಒಲವು ಮಾತ್ರ, ನಿಯಮ ಅಲ್ಲ. ಸಾವಿರಾರು ಭಾಷೆ ಸೇರಿಸಿದಾಗ ಕಾಣುವ ಒಲವು ಒಂದೇ ಭಾಷೆಯೊಳಗೆ ಕಾಣಲೇಬೇಕು ಅಂತಿಲ್ಲ.

ಒಗ್ಗರಣೆ

ಆನೆಗೆ ಎರಡು ಅಕ್ಷರ, ಇರುವೆಗೆ ಮೂರು. ಇಷ್ಟು ಸಾಕಲ್ವಾ ಯಾದೃಚ್ಛಿಕ ಅನ್ನೋಕೆ?

ನಿರುಕ್ತಪ್ರಿಯ

ಈ ಜಗಳ ಹಳೇದು. ವೇದದ ಪದಗಳ ಮೂಲ ಬಿಡಿಸುವ ಯಾಸ್ಕನ ನಿರುಕ್ತದ ಮೂರನೇ ಅಧ್ಯಾಯದಲ್ಲೇ ಇದೆ: ಕಾಕ ಅನ್ನೋದು ಶಬ್ದಾನುಕೃತಿ, ಹಕ್ಕಿಗಳ ಹೆಸರಲ್ಲಿ ಇದು ಬಹಳ ಅಂತ. ಅದರ ಬೆನ್ನಿಗೇ ಔಪಮನ್ಯವನ ತಕರಾರು: ಶಬ್ದಾನುಕರಣ ಅನ್ನೋದೇ ಇಲ್ಲ, ಓಡಿಸಬೇಕಾದ್ದರಿಂದ ಅದು ಕಾಕ ಅಂತ. ಕಾಗೆ ಹೆಸರಲ್ಲೂ ಅನುಕರಣೆ ಒಪ್ಪದವನು ಆ ಕಾಲಕ್ಕೇ ಇದ್ದ! ಅನುಕರಣೆ ಬಿಟ್ಟು ದೊಡ್ಡ ಪ್ರಶ್ನೆಗೆ ಬಂದರೆ, ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರು ಶಬ್ದಾರ್ಥ ಸಂಬಂಧ ಹುಟ್ಟಿನಿಂದಲೇ ಇದ್ದದ್ದು, ಯಾರೂ ಮಾಡಿದ್ದಲ್ಲ ಅಂದರು. ತರ್ಕಶಾಸ್ತ್ರದ ನೈಯಾಯಿಕರು ಅದು ಸಮಯ, ಅಂದರೆ ಒಪ್ಪಂದ ಅಂದರು. ಗ್ರೀಕರಲ್ಲಿ ಪ್ಲೇಟೋನ ಕ್ರಾಟಿಲಸ್ ಸಂವಾದದಲ್ಲೂ ಇದೇ ವಾದ.

ತೆಂಕಣಗಾಳಿ

ಅದಕ್ಕೇ ನಮ್ಮವರು ಬೀಜಾಕ್ಷರ ಅಂದಿದ್ದು. ಒಂದೊಂದು ಅಕ್ಷರಕ್ಕೂ ಒಂದೊಂದು ಶಕ್ತಿ. ಆಧುನಿಕ ವಿಜ್ಞಾನ ಈಗ ಒಪ್ತಿದೆ ಅಷ್ಟೇ.

ನಿರುಕ್ತಪ್ರಿಯ

ದಯವಿಟ್ಟು ಎರಡನ್ನು ಕಲಸಬೇಡಿ. ಮೀಮಾಂಸಕರು ನಿತ್ಯ ಅಂದದ್ದು ಸಂಬಂಧವನ್ನು. ಸದ್ದು ಅರ್ಥದ ಹಾಗೆ ಕೇಳಿಸುತ್ತೆ ಅಂತ ಅವರು ಹೇಳಿಲ್ಲ. ಗೋ ಅನ್ನೋ ಶಬ್ದಕ್ಕೂ ಹಸುವಿಗೂ ಹೋಲಿಕೆ ಇದೆ ಅನ್ನೋದು ಅವರ ವಾದವೇ ಅಲ್ಲ. ಇಲ್ಲಿ ಚರ್ಚೆ ಹೋಲಿಕೆಯದು.

ಗಂಗೋತ್ರಿ_ಬೆಂಚು

ಆಧುನಿಕ ಭಾಷಾವಿಜ್ಞಾನಕ್ಕೆ ಬುನಾದಿ ಹಾಕಿದ ಸೊಸ್ಯೂರನನ್ನೂ ಜನ ಹೀಗೇ ಕಲಸ್ತಾರೆ. ಅವನ ಪಾಠಗಳ ಪುಸ್ತಕ ಬಂದದ್ದು 1916ರಲ್ಲಿ (ಮೈಸೂರು ವಿಶ್ವವಿದ್ಯಾನಿಲಯ ಶುರುವಾದ ವರ್ಷವೇ). ಅನುಕರಣ ಪದಗಳ ಆಕ್ಷೇಪಣೆಗೆ ಅವನು ಅಲ್ಲೇ ಉತ್ತರ ಕೊಟ್ಟಿದ್ದಾನೆ. ಫ್ರೆಂಚಿನಲ್ಲಿ ಚಾವಟಿಗೆ ಫುಯೆ ಅಂತಾರೆ, ಬೀಸಿದ ಸದ್ದಿನ ಹಾಗೇ ಕೇಳುತ್ತೆ. ಆದರೆ ಅದು ಬಂದದ್ದು ಲ್ಯಾಟಿನ್ನಿನ ಫಾಗುಸ್ ಅನ್ನೋ ಮರದ ಹೆಸರಿಂದ. ಈಗ ಕೇಳುವ ಹೋಲಿಕೆ ಧ್ವನಿ ಬದಲಾಗುತ್ತಾ ಆಕಸ್ಮಿಕವಾಗಿ ಬಂದದ್ದು.

ಅವನೇ ಯಾದೃಚ್ಛಿಕತೆಯಲ್ಲಿ ಮಟ್ಟಗಳಿವೆ ಅಂತಲೂ ಹೇಳ್ತಾನೆ. ನಮ್ಮಲ್ಲಿ ನೋಡಿ: "ಹತ್ತು" ಯಾಕೆ ಹತ್ತು ಅಂತ ಕೇಳಿದರೆ ಉತ್ತರ ಇಲ್ಲ. "ಹದಿನೆಂಟು" ಯಾಕೆ ಅಂದರೆ ಹತ್ತೂ ಎಂಟೂ ಅದರೊಳಗೇ ಕೂತಿವೆ. "ಒಂಬತ್ತು" ಕೂಡ ಹತ್ತಕ್ಕೆ ಒಂದು ಕಮ್ಮಿ ಅನ್ನೋದರ ಸವೆದ ರೂಪ. ಇದು ಸದ್ದಿನ ಹೋಲಿಕೆ ಅಲ್ಲ, ಆದರೆ ಪೂರ್ತಿ ಯಾದೃಚ್ಛಿಕವೂ ಅಲ್ಲ.

ಪ್ಯಾಸೆಂಜರ್_ಗಾಡಿ

ಕೇಳಿದ್ದು ಪ್ರಯೋಗ ಎಂಗೆ ಮಾಡಿಸೋದು ಅಂತ. ಎಲ್ಲರೂ ಗ್ರೀಸ್, ಫ್ರಾನ್ಸ್ ಸುತ್ತುತಾ ಅವ್ರೆ. ವಸಿ ಕೆಳಗಿಳೀರಪ್ಪ.

ಅಳತೆಪಟ್ಟಿ

ಪ್ರಯೋಗದ ವಿಚಾರಕ್ಕೆ ಬರ್ತೀನಿ, ಉದ್ದ ಆಗುತ್ತೆ.

ಮೊದಲ ರೂಪ ಮನೋವಿಜ್ಞಾನಿ ಕೋಲರ್‌ನದು, 1929ರಲ್ಲಿ. ಒಂದು ಮೊನಚು ಚಿತ್ರ, ಒಂದು ದುಂಡು ಚಿತ್ರ, ಟಕೇಟೆ ಮತ್ತು ಬಲೂಬ ಅಂತ ಎರಡು ಹೆಸರು. ಬಲೂಬ ನಿಜವಾದ ಪದಗಳಿಗೆ ಹತ್ತಿರ ಬಂತು ಅಂತಲೋ ಏನೋ, 1947ರಲ್ಲಿ ಅದನ್ನು ಮಲೂಮ ಮಾಡಿದ. ಬೂಬಾ–ಕಿಕಿ ಅಂತ ಹೆಸರಾದದ್ದು 2001ರಲ್ಲಿ ರಾಮಚಂದ್ರನ್ ಮತ್ತು ಹಬರ್ಡ್ ಬರೆದ ಮೇಲೆ.

ಇವನ್ನು ಹಾಗೇ ಮಂಡ್ಯಕ್ಕೆ ತರಬೇಡಿ. ಬೂಬಾ ಅಂದ ಕೂಡಲೇ ಬೂಬಮ್ಮ ನೆನಪಾಗುತ್ತೆ, ತರಗತಿ ನಗುತ್ತೆ. ಮಲೂಮ ಅಂದರೆ ಉರ್ದು ಬರುವ ಮಕ್ಕಳಿಗೆ ಮಾಲೂಮು. ಕಿಕಿಗೆ ಕಿಕ್ಕೇರಿ. ಅರ್ಥ ಇರುವ ಪದದ ನೆರಳು ಬಿದ್ದರೆ ಪ್ರಯೋಗ ಕೆಟ್ಟ ಹಾಗೆ.

ಎರಡನೇ ತೊಂದರೆ ಇನ್ನೂ ದೊಡ್ಡದು. ಕಿಕಿಯಲ್ಲಿ ವ್ಯಂಜನವೂ ಬೇರೆ, ಸ್ವರವೂ ಬೇರೆ. ಮೊನಚು ಅನ್ನಿಸಿದ್ದು ಕಕಾರದಿಂದಲೋ ಇಕಾರದಿಂದಲೋ ಗೊತ್ತಾಗಲ್ಲ. ಅದಕ್ಕೆ ನಾಲ್ಕು ಹುಸಿ ಪದ ಮಾಡಿ: ಟಿಕಿ, ಟುಕು, ಬಿಮಿ, ಬುಮು. ಟಿಕಿ–ಬುಮು ಜೋಡಿ ಸುಲಭ, ಎಲ್ಲರೂ ಒಂದೇ ಕಡೆ ಹೇಳ್ತಾರೆ. ಅಸಲಿ ಪರೀಕ್ಷೆ ಟುಕು–ಬಿಮಿ. ಟುಕುವನ್ನು ಮೊನಚಿಗೆ ಕೊಟ್ಟರೆ ವ್ಯಂಜನ ಗೆದ್ದಿತು, ದುಂಡಕ್ಕೆ ಕೊಟ್ಟರೆ ಸ್ವರ. ಆಕಾರದ ವಿಷಯದಲ್ಲಿ ಸಾಮಾನ್ಯವಾಗಿ ವ್ಯಂಜನದ ಕೈ ಮೇಲು. ಗಾತ್ರ ಕೇಳಿದರೆ ಸ್ವರ ಮುಂದೆ ಬರುತ್ತೆ.

ಚಿತ್ರ: ಎರಡೂ ಸುಮಾರು 8 ಸೆಂಟಿಮೀಟರ್, ಎರಡರ ಒಳಗೂ ಒಂದೇ ಕಪ್ಪು ಬಣ್ಣ. ಮೊನಚಿಗೆ ಆರು ತುದಿ ಇದ್ದರೆ ದುಂಡಕ್ಕೂ ಆರು ಉಬ್ಬು. ಇಲ್ಲದಿದ್ದರೆ ಮಕ್ಕಳು ದೊಡ್ಡದು–ಚಿಕ್ಕದು ನೋಡಿ ಉತ್ತರ ಹೇಳ್ತಾರೆ.

ಹೇಳುವ ರೀತಿ: ಮೇಷ್ಟ್ರು ಎದುರು ನಿಂತು ಹೇಳಬಾರದು. ಬುಮು ಅನ್ನುವಾಗ ತುಟಿ ದುಂಡಗಾಗೋದು ಕಾಣುತ್ತೆ, ಕೈಯೂ ಆಡುತ್ತೆ. ಒಂದೇ ಸಮನಾದ ದನಿಯಲ್ಲಿ ರೆಕಾರ್ಡ್ ಮಾಡಿ ಸ್ಪೀಕರಲ್ಲಿ ಕೇಳಿಸಿ. ಅರ್ಧ ತರಗತಿಗೆ ಮೊನಚು ಚಿತ್ರ ಎಡಕ್ಕೆ, ಉಳಿದರ್ಧಕ್ಕೆ ಬಲಕ್ಕೆ. ಉತ್ತರ ಚೀಟಿಯಲ್ಲಿ ಬರೆಯಲಿ. ಕೈ ಎತ್ತಿಸಿದರೆ ಮೊದಲ ಬೆಂಚು ನೋಡಿ ಉಳಿದವರು ಎತ್ತುತ್ತಾರೆ.

ಲೆಕ್ಕ: ಎರಡೇ ಆಯ್ಕೆ ಇರೋದರಿಂದ ಸುಮ್ಮನೆ ಊಹಿಸಿದರೂ ಅರ್ಧ ಸರಿ ಬರುತ್ತೆ. 20 ಮಕ್ಕಳಲ್ಲಿ 14 ಜನ ಒಂದೇ ಕಡೆ ಹೇಳಿದರೆ ಕುಣಿಯಬೇಡಿ, ಬರೀ ಊಹೆಯಿಂದಲೇ 14 ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ 6ರ ಹತ್ತಿರ. 15 ಬಂದರೆ ನೂರಕ್ಕೆ 2. ಮಕ್ಕಳು 40 ಇದ್ದರೆ 27 ಬೇಕು, ಅದೇ ನೂರಕ್ಕೆ 2ರ ಮಟ್ಟಕ್ಕೆ. ಒಬ್ಬರಿಂದ ಒಂದು ಜೋಡಿಗೆ ಒಂದೇ ಉತ್ತರ. ಮೊದಲ ಹೆಸರು ಮೊನಚಿಗೆ ಕೊಟ್ಟ ಮೇಲೆ ಎರಡನೇದು ತಾನಾಗೇ ದುಂಡಕ್ಕೆ ಹೋಗುತ್ತೆ, ಅದನ್ನು ಎರಡು ಉತ್ತರ ಅಂತ ಎಣಿಸಿದರೆ ಲೆಕ್ಕ ಸುಳ್ಳು.

ಒಗ್ಗರಣೆ

ಇಂಗ್ಲಿಷಿನ ಕೆ ಅಕ್ಷರವೇ ಮೊನಚು, ಬಿ ಅಕ್ಷರವೇ ದುಂಡು. ಮಕ್ಕಳು ಅಕ್ಷರದ ಆಕಾರ ನೆನೆಸಿಕೊಂಡು ಹೇಳ್ತಾರೆ ಅಷ್ಟೇ ಅನ್ನೋ ಆಕ್ಷೇಪಣೆಗೆ ಏನಂತೀರಿ?

ಕಾಗುಣಿತ

ಅದಕ್ಕೆ ಕನ್ನಡವೇ ಒಳ್ಳೆ ಉತ್ತರ. ನಮ್ಮ ಅಕ್ಷರ ಎಲ್ಲವೂ ದುಂಡು. ಓಲೆಗರಿ ಮೇಲೆ ಕಂಟದಿಂದ (ಬರೆಯೋ ಲೋಹದ ಕಡ್ಡಿ) ಕೊರೆಯುವಾಗ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತೆ, ಅದಕ್ಕೇ ದುಂಡಗಾಯಿತು ಅಂತ ಸಾಮಾನ್ಯವಾಗಿ ಹೇಳೋ ವಿವರಣೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿ ನೋಡಿದವರಿಗೆ ಗೊತ್ತು. ಟಿ, ಕಿ, ಬು, ಮು ಬರೆದು ನೋಡಿ, ಯಾವುದರಲ್ಲಿದೆ ಮೊನಚು? ಆದರೂ ಕನ್ನಡ ಓದುವ ಮಕ್ಕಳು ಟಿಕಿಯನ್ನು ಮೊನಚಿಗೇ ಕೊಟ್ಟರೆ ಅಕ್ಷರದ ವಾದ ಬಿತ್ತು. ಒಂದು ತೊಡಕು: ಈಗಿನ ಮಕ್ಕಳಿಗೆ ಇಂಗ್ಲಿಷ್ ಅಕ್ಷರವೂ ಎಲ್‌ಕೆಜಿಯಿಂದಲೇ ಗೊತ್ತು. ಹಾಗಾಗಿ ಪೂರ್ತಿ ಬೀಳಲ್ಲ.

ಗಂಗೋತ್ರಿ_ಬೆಂಚು

2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನೇ ನೋಡಿತು. 25 ಭಾಷೆ, 10 ಲಿಪಿ, 900ಕ್ಕೂ ಹೆಚ್ಚು ಜನ. ಒಟ್ಟಾರೆ ನೂರಕ್ಕೆ 72ರಷ್ಟು ಉತ್ತರ ನಿರೀಕ್ಷೆಯಂತೆ ಬಂತು. ರೋಮನ್ ಅಲ್ಲದ ಲಿಪಿಯವರಲ್ಲೂ ಪರಿಣಾಮ ಇತ್ತು. ಆದರೆ ರೊಮೇನಿಯನ್, ಟರ್ಕಿಷ್, ಮ್ಯಾಂಡರಿನ್ ಭಾಷಿಕರಲ್ಲಿ ಕಾಣಲಿಲ್ಲ. ನೇಪಾಳದ ಸ್ಯೂಬ ಭಾಷೆಯವರಲ್ಲೂ ಇಂಥದ್ದೇ ಪ್ರಯೋಗ ಸೋತಿದೆ. ಹುಸಿ ಪದ ಆ ಭಾಷೆಯ ಪದದ ಹಾಗೆ ಕೇಳದಿದ್ದರೆ ಪರಿಣಾಮ ಕಾಣಲ್ಲ ಅಂತ ಅಲ್ಲಿನ ಸಂಶೋಧಕರ ವಾದ. ಮೇಲೆ ಹೇಳಿದ ಹಾಗೆ ಪದವನ್ನು ಊರಿಗೆ ತಕ್ಕ ಹಾಗೆ ಹೊಲಿಸಬೇಕು.

ಸಕ್ಕರೆಸೀಮೆ

72 ಅಂದರೆ ಪಾಸು. ನಂಟು ಇದೆ ಅಂತಾಯ್ತು. ಚಿಕ್ಕದಕ್ಕೆ ಇಕಾರ ಅನ್ನೋದೂ ಇದೆ: ಕಿರಿ, ಚಿಕ್ಕ, ಚಿಟಿಕೆ, ಮರಿ.

ಕಾಗುಣಿತ

ಕಿರಿಯ ಅಂದ ಬಾಯಲ್ಲೇ ಹಿರಿಯ ಅನ್ನಿ. ಅಲ್ಲೇನಿದೆ?

ಹಳಗನ್ನಡ_ಹುಚ್ಚು

ಈ ಹಿರಿಯ–ಕಿರಿಯ ಜೋಡಿ ಸೊಗಸಾದದ್ದು. ತಮಿಳಲ್ಲಿ ಪೆರಿಯ, ಸಿರಿಯ. ಅಲ್ಲಿ ಎಕಾರ ಇಕಾರ ಬೇರೆ ಬೇರೆ. ಕನ್ನಡದಲ್ಲಿ ಏನಾಯಿತು ಅಂದರೆ, ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ಹಿಂದಿನ ಎಕಾರ ಇಕಾರವಾಯಿತು, ಒಕಾರ ಉಕಾರವಾಯಿತು. ತಮಿಳಿನ ಎಲಿ ನಮ್ಮ ಇಲಿ. ತಮಿಳಿನ ಪೊಡಿ ನಮ್ಮ ಪುಡಿ. ಹಾಗೇ ಪೆರಿ ಹೋಗಿ ಪಿರಿ, ಆಮೇಲೆ ಹಿರಿ. ಈ ಬದಲಾವಣೆ ಅರ್ಥ ನೋಡಿ ನಡೆಯಲಿಲ್ಲ. "ದೊಡ್ಡದು ಅನ್ನೋ ಅರ್ಥಕ್ಕೆ ಇಕಾರ ಒಗ್ಗಲ್ಲ, ಇದನ್ನು ಬಿಟ್ಟುಬಿಡೋಣ" ಅಂತ ಭಾಷೆ ನಿಲ್ಲಲಿಲ್ಲ. ಯಾದೃಚ್ಛಿಕತೆಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಈಗ ಎದುರು ಸಾಕ್ಷಿ. ಹಳಗನ್ನಡದ ಪಕಾರ ನಡುಗನ್ನಡಕ್ಕೆ ಹಕಾರ ಆಯಿತು: ಪಾಲು ಹಾಲು, ಪುಲಿ ಹುಲಿ, ಪಕ್ಕಿ ಹಕ್ಕಿ. ಮಂಡ್ಯದ ಆಡುಮಾತಿನಲ್ಲಿ ಆ ಹಕಾರವೂ ಬಿದ್ದು ಆಲು, ಉಲಿ, ಅಕ್ಕಿ. ಪದಗಳು ಎರಡು ಸಲ ಸವೆದಿವೆ. ಆದರೆ ಪಟಪಟ? ಪಟಪಟವೇ. ಪಿಸಪಿಸ, ಪಚಪಚ, ಪಿಳಿಪಿಳಿ, ಪಳಪಳ ಎಲ್ಲಾ ಹಾಗೇ ಕೂತಿವೆ. ಪೊಳೆ ಅನ್ನೋ ಕ್ರಿಯಾಪದ ಹೊಳೆ ಆಯಿತು, ಅದೇ ಹೊಳಪನ್ನು ಹೇಳುವ ಪಳಪಳ ಮಾತ್ರ ಹಳಹಳ ಆಗಲಿಲ್ಲ. ಯಾಕೆ? ತುಟಿ ಮುಚ್ಚಿ ಥಟ್ಟನೆ ಬಿಡುವ ಸದ್ದು ಹೋದರೆ ಪದದ ಕೆಲಸವೇ ಹೋಗುತ್ತೆ.

ಗಂಗೋತ್ರಿ_ಬೆಂಚು

ಇದರಲ್ಲಿ ಎರಡು ರಂಧ್ರ ಇವೆ. ಒಂದು, ಪಕಾರ ಉಳಿಸಿಕೊಂಡದ್ದು ಅನುಕರಣ ಪದ ಮಾತ್ರ ಅಲ್ಲ. ಪಡೆ–ಹಡೆ ಎರಡು ರೂಪವೂ ಅರ್ಥ ಬೇರೆಯಾಗಿ ಬದುಕಿವೆ. ಎರಡು, ಪಟಪಟ ಬದಲಾವಣೆಯನ್ನು ತಡೆದುಕೊಂಡಿತೋ ಅಥವಾ ಬದಲಾವಣೆ ಮುಗಿದ ಮೇಲೆ ಹೊಸದಾಗಿ ಹುಟ್ಟಿತೋ? ಇಂಗ್ಲಿಷಿನಲ್ಲಿ ಕೋಗಿಲೆ ಜಾತಿಯ ಹಕ್ಕಿಗೆ ಇದ್ದ ಹಳೇ ಜರ್ಮಾನಿಕ್ ಹೆಸರು ಸವೆದು ಕೂಗಿನ ಹೋಲಿಕೆ ಕಳೆದುಕೊಂಡಿತು, ಆಮೇಲೆ ಕುಕ್ಕೂ ಅಂತ ಹೊಸದು ಬಂತು. ಹಳೇ ಪದ ಉಳಿಯಲಿಲ್ಲ, ಹೊಸದು ಹುಟ್ಟಿತು. ಪಟಪಟ ಹಳಗನ್ನಡ ಕಾವ್ಯದಿಂದ ಇಲ್ಲಿವರೆಗೆ ಸಾಲಾಗಿ ಸಿಗುತ್ತಾ ಅಂತ ನೋಡದೆ ತಡೆದುಕೊಂಡಿತು ಅನ್ನೋಕಾಗಲ್ಲ.

ಹಳಗನ್ನಡ_ಹುಚ್ಚು

ತಡೆದುಕೊಂಡಿರಲಿ, ಮತ್ತೆ ಹುಟ್ಟಿರಲಿ, ಹಾಲು ಮತ್ತೆ ಪಾಲಾಗಿ ಹುಟ್ಟಲಿಲ್ಲವಲ್ಲ. ಒಂದು ಗುಂಪಿಗೆ ಮಾತ್ರ ಆ ಸದ್ದು ಬೇಕೇ ಬೇಕಾಗಿತ್ತು ಅನ್ನೋದು ಎರಡು ದಾರಿಯಲ್ಲೂ ನಿಲ್ಲುತ್ತೆ.

ಪ್ಯಾಸೆಂಜರ್_ಗಾಡಿ

ಅಕ್ಕಿ ಅಂದ್ರೆ ಹಕ್ಕಿನೋ ರೈಸೋ ಅಂತ ಕೇಳೋ ಬೆಂಗ್ಳೂರ್ನೋರಿಗೆ ಈ ಚರ್ಚೆ ತೋರ್ಸಿ.

ಮರದಡಿ

ಕನ್ನಡದಲ್ಲಿ ಮಜಾ ಇರೋದು ಬೀಳೋ ಪದಗಳಲ್ಲಿ. ದೊಪ್ಪಂತ, ತೊಪ್ಪಂತ, ಟಪ್ಪಂತ, ಪಟ್ಟಂತ, ಧಡ್ಡಂತ, ಠಣ್ಣಂತ, ಫಳಾರಂತ. ಏನು ಬಿತ್ತು ಅಂತ ಹೇಳೋದೇ ಬೇಡ. ದೊಪ್ಪಂತ ಬಿದ್ದದ್ದು ಮೂಟೆ, ತೊಪ್ಪಂತ ಬಿದ್ದದ್ದು ಸಗಣಿ, ಟಪ್ಪಂತ ಬಿದ್ದದ್ದು ಮಾವಿನಕಾಯಿ, ಠಣ್ಣಂತ ಬಿದ್ದದ್ದು ತಟ್ಟೆ, ಫಳಾರಂದದ್ದು ಗಾಜು.

ಬಿಡಿಸಿ ನೋಡಿ. ಮೊದಲ ವ್ಯಂಜನ ಬಿದ್ದ ವಸ್ತುವಿನ ತೂಕ: ಘೋಷ (ಗಂಟಲು ಕಂಪಿಸುವ ದ, ಧ, ಗ) ಇದ್ದರೆ ಭಾರ, ಅಘೋಷ (ಕಂಪಿಸದ ತ, ಟ, ಪ) ಇದ್ದರೆ ಹಗುರ. ಟಕಾರ ಗಟ್ಟಿ ಮೈ, ತಕಾರ ಮೆತ್ತನೆ ಮೈ. ಕೊನೆಯ ವ್ಯಂಜನ ಸದ್ದು ಹೇಗೆ ಮುಗಿಯಿತು ಅನ್ನೋದು: ಪ, ಟ ಇದ್ದರೆ ಅಲ್ಲೇ ನಿಂತಿತು, ಣ ಇದ್ದರೆ ಗುಂಯ್‌ಗುಟ್ಟುತ್ತಾ ಉಳಿಯಿತು, ರ ಇದ್ದರೆ ಹರಡಿತು ಅಥವಾ ಸಾಗಿತು. ಸರ್ರಂತ, ಬುರ್ರಂತ, ಭರ್ರಂತ ನೋಡಿ. ಸ್ವರ ಗಾತ್ರ: ಕಿಣಿಕಿಣಿ ಗೆಜ್ಜೆ, ಗಣಗಣ ದೇವಸ್ಥಾನದ ಗಂಟೆ. ಚಿಟಿಚಿಟಿ, ಚಟಚಟ. ಒಂದು ಸಲ ಹೇಳಿದರೆ ಒಂದೇ ಏಟು, ಎರಡು ಸಲ ಹೇಳಿದರೆ ಮೇಲಿಂದ ಮೇಲೆ: ಟಪ್ ಒಂದು ಹನಿ, ಟಪಟಪ ಮಳೆ.

ಹಾಗಾಗಿ ಹೊಸ ಪದ ಕಟ್ಟಿದರೂ ಕೇಳಿದವರಿಗೆ ಅರ್ಥ ಆಗುತ್ತೆ. ಡೊಳಕ್ ಅಂತ ಬಿತ್ತು ಅನ್ನಿ, ಏನೋ ಭಾರದ್ದು ನೀರಿಗೆ ಬಿತ್ತು ಅಂತಾರೆ.

ಕಾಗುಣಿತ

ಘೋಷ–ಅಘೋಷ ಒಪ್ಪಿದೆ. ಆದರೆ ಧಡ್, ಘಮಘಮ, ಥಳಥಳ, ಝಗಝಗದ ಮಹಾಪ್ರಾಣ? ಮಾತಲ್ಲಿ ಯಾರೂ ಎಳೆದು ಹೇಳಲ್ಲ. ಗಮಗಮ, ತಳತಳ ಅಂದರೂ ಅದೇ ವಾಸನೆ, ಅದೇ ಹೊಳಪು.

ಮರದಡಿ

ಮಾಮೂಲಿ ಮಾತಲ್ಲಿ ಹೇಳಲ್ಲ, ಒತ್ತಿ ಹೇಳುವಾಗ ಬರುತ್ತೆ. "ಧಢಾರ್" ಅಂತ ಕಥೆ ಹೇಳುವವನು ಉಸಿರು ತುಂಬಿಯೇ ಹೇಳ್ತಾನೆ. ಧನ, ಭಾಷೆ ಅನ್ನುವಾಗ ಮಹಾಪ್ರಾಣ ನುಂಗುವ ಅದೇ ಬಾಯಿ. ಅನುಕರಣ ಪದಗಳಿಗೆ ಮಿಕ್ಕ ಭಾಷೆಗಿಂತ ಒಂದಷ್ಟು ಸಡಿಲ ಇರೋದು ಎಲ್ಲ ಕಡೆ ಕಂಡಿರೋದೇ.

ಕೆರೆಏರಿ

ಒಂದು ಪದ ಅನುಕರಣವೋ ಅಲ್ಲವೋ ಅಂತ ಮಕ್ಕಳೇ ಪರೀಕ್ಷಿಸೋಕೆ ಸುಲಭ ದಾರಿ ಇದೆಯಾ?

ಮರದಡಿ

"ಅಂತ" ಹಚ್ಚಿ ನೋಡಿ. "ದೊಪ್ಪಂತ ಬಿತ್ತು" ಆಗುತ್ತೆ. "ಬೇಗ ಅಂತ ಬಿತ್ತು", "ಜೋರು ಅಂತ ಬಿತ್ತು" ಆಗಲ್ಲ. ಅಂತ ಅನ್ನೋದು ಅನ್ನು ಕ್ರಿಯಾಪದದಿಂದ ಬಂದದ್ದು. ಥಟ್ಟನೆ, ಗಕ್ಕನೆ, ಸರ್ರನೆ ಇವುಗಳ "ನೆ" ಕೂಡ ಎನೆ ಅನ್ನೋದರಿಂದಲೇ. ಮೂಟೆ "ದೊಪ್" ಅಂದು ಬಿತ್ತು ಅಂತ ಕನ್ನಡ ವ್ಯಾಕರಣವೇ ಅದನ್ನು ಉದ್ಧರಣೆಯ ಥರ ನಡೆಸುತ್ತೆ. ಎರಡನೇ ಪರೀಕ್ಷೆ ಗುಟ್ಟು: ಪಿಸುಗುಟ್ಟು, ಮಿಣುಗುಟ್ಟು, ಲೊಚಗುಟ್ಟು. ಮೂರನೇದು ನಿಷೇಧ. "ದೊಪ್ಪಂತ ಬೀಳಲಿಲ್ಲ" ಅಂದರೆ ಕಿವಿಗೆ ಮುಜುಗರ. ಆದರೆ ಎಚ್ಚರ: ತಣ್ಣನೆ, ಮೆಲ್ಲನೆಗೂ "ನೆ" ಇದೆ, ಅವು ತಣ್, ಮೆಲ್ ಅನ್ನೋ ಗುಣವಾಚಕದಿಂದ ಬಂದವು. ಒಂದೇ ಪರೀಕ್ಷೆ ನಂಬಬೇಡಿ.

ಒಗ್ಗರಣೆ

ದೊಪ್ ಸದ್ದು ಸರಿ. ಥಳಥಳಕ್ಕೆ ಸದ್ದೆಲ್ಲಿದೆ? ತಳಮಳಕ್ಕೆ?

ಗಂಗೋತ್ರಿ_ಬೆಂಚು

ಅದಕ್ಕೊಂದು ಮೆಟ್ಟಿಲು ಕ್ರಮ ಇದೆ, ಡಿಂಗೆಮಾನ್ಸೆ 2012ರಲ್ಲಿ ಬರೆದದ್ದು. ಮೊದಲ ಮೆಟ್ಟಿಲು ಸದ್ದು, ಆಮೇಲೆ ಚಲನೆ, ಆಮೇಲೆ ನೋಟ, ಆಮೇಲೆ ವಾಸನೆ–ಸ್ಪರ್ಶದಂಥ ಉಳಿದ ಇಂದ್ರಿಯ, ಕೊನೆಗೆ ಒಳಗಿನ ಭಾವ. ಒಂದು ಭಾಷೆಯಲ್ಲಿ ಮೇಲಿನ ಮೆಟ್ಟಿಲಿದ್ದರೆ ಕೆಳಗಿನವೂ ಇರುತ್ತವೆ. ಕನ್ನಡ ಎಲ್ಲಾ ಹತ್ತಿದೆ: ದಡದಡ, ಸರಸರ, ಥಳಥಳ, ಘಮಘಮ ಮತ್ತು ಚುರುಚುರು, ತಳಮಳ ಮತ್ತು ಚಡಪಡಿಕೆ. ಮೇಲೆ ಹೋದಷ್ಟೂ ಹೋಲಿಕೆ ತೆಳುವಾಗಿ ರೂಢಿ ದಪ್ಪ ಆಗುತ್ತೆ. ಬೇರೆ ಭಾಷೆಯ ಇಂಥ ಪದಗಳ ಅರ್ಥ ಊಹಿಸಲು ಡಚ್ ಜನರಿಗೆ ಕೊಟ್ಟಾಗ ಸದ್ದಿನ ಪದಗಳನ್ನೇ ಅವರು ಚೆನ್ನಾಗಿ ಊಹಿಸಿದ್ದು. ತಳಮಳವನ್ನು ಜಪಾನಿನವರಿಗೆ ಹೇಳಿ "ಏನಿರಬಹುದು" ಅಂತ ಕೇಳಿದರೆ ಗೊತ್ತಾಗಲಿಕ್ಕಿಲ್ಲ.

ಅಳತೆಪಟ್ಟಿ

ಸ್ವರ ಮತ್ತು ಗಾತ್ರದ ನಂಟಿಗೆ ಕಾರಣ ಕಣ್ಣಿಗೆ ತೋರಿಸಬಹುದು. ಇ ಅನ್ನುವಾಗ ನಾಲಿಗೆ ಮುಂದಕ್ಕೆ ಎದ್ದು ಬಾಯಿಯ ಮುಂಭಾಗದ ಜಾಗ ಪುಟ್ಟದಾಗುತ್ತೆ. ಎರಡನೇ ಅನುರಣನ ಆವರ್ತನ (ಬಾಯೊಳಗೆ ಸದ್ದು ಹೆಚ್ಚು ಮೊಳಗುವ ಕಂಪನಮಟ್ಟ, ಇಂಗ್ಲಿಷಿನಲ್ಲಿ ಫಾರ್ಮೆಂಟ್) 2200 ಹರ್ಟ್ಸ್ ಆಸುಪಾಸು ಏರುತ್ತೆ. ಉ ಅನ್ನುವಾಗ 800ರ ಆಸುಪಾಸು. ಪುಟ್ಟ ಪ್ರಾಣಿಯ ಸದ್ದು ಕೀರಲು, ದೊಡ್ಡದರದ್ದು ಗಡಸು, ಆ ಅನುಭವವೇ ಪದಕ್ಕೂ ಅಂಟಿದೆ ಅನ್ನೋದು ಒಹಾಲಾ 1984ರಲ್ಲಿ ಮಂಡಿಸಿದ ವಾದ. ಅದಕ್ಕೂ ಮೊದಲು 1929ರಲ್ಲೇ ಸಪೀರ್ ಮಿಲ್, ಮಲ್ ಅಂತ ಎರಡು ಹುಸಿ ಪದ ಕೊಟ್ಟು ಯಾವುದು ದೊಡ್ಡ ಮೇಜು ಅಂತ ಕೇಳಿದಾಗ ನೂರಕ್ಕೆ 80ರಷ್ಟು ಜನ ಮಲ್ ಅಂದಿದ್ದರು.

ಪ್ರಾಟ್ ಅನ್ನೋ, ದನಿ ಅಳೆಯುವ ಉಚಿತ ತಂತ್ರಾಂಶದಲ್ಲಿ ತೋರಿಸಿ. 44,100 ಹರ್ಟ್ಸ್, ಮೋನೋ, ವೇವ್ ಫೈಲು. ಫಾರ್ಮೆಂಟ್ ಹುಡುಕುವ ಮೇಲಿನ ಮಿತಿ ಗಂಡು ದನಿಗೆ 5000 ಹರ್ಟ್ಸ್, ಹೆಣ್ಣು ದನಿಗೆ 5500. ಸ್ವರದ ನಡುವಿನಲ್ಲಿ ಅಳೆಯಿರಿ, ಅಂಚಿನಲ್ಲಿ ವ್ಯಂಜನ ಎಳೆದಿರುತ್ತೆ. ವಾಟ್ಸಾಪ್ ಧ್ವನಿ ಸಂದೇಶ ಬಳಸಬೇಡಿ, ಅದು ಸದ್ದನ್ನು ಹಿಂಡಿರುತ್ತೆ. ಫ್ಯಾನ್ ಆಫ್ ಮಾಡಿ. ಉಕಾರದಲ್ಲಿ ಮೊದಲ ಎರಡು ಅನುರಣನ ಹತ್ತಿರ ಹತ್ತಿರ ಇರೋದರಿಂದ ತಂತ್ರಾಂಶ ಎರಡನ್ನೂ ಒಂದು ಅಂತ ಓದಿ, ಮೂರನೇದನ್ನು ಎರಡನೇದು ಅಂತ ತೋರಿಸುತ್ತೆ. ಉಕಾರಕ್ಕೆ 2000 ಮೇಲೆ ಬಂದರೆ ಇದೇ ಕಾರಣ, ಮಿತಿ ಇಳಿಸಿ ಮತ್ತೆ ಅಳೆಯಿರಿ.

ಆಲೆಮನೆ_ಹೊಗೆ

ಇದರಿಂದ ವ್ಯಾಪಾರಕ್ಕೆ ಏನಾದ್ರೂ ಉಪಯೋಗ ಉಂಟಾ? ಬೆಲ್ಲಕ್ಕೆ ಬ್ರ್ಯಾಂಡ್ ಹೆಸರು ಇಡ್ಬೇಕು. ಸಂಖ್ಯಾಶಾಸ್ತ್ರದೋರು ಅಕ್ಷರ ಸೇರ್ಸಿ ಅಂತಾರೆ.

ಅಳತೆಪಟ್ಟಿ

ಸಂಖ್ಯಾಶಾಸ್ತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಕ್ಷರ ಸೇರಿಸಿದರೆ ಸದ್ದು ಬದಲಾಗಲ್ಲ. ಸಿಹಿಯನ್ನು ಜನ ದುಂಡು ಆಕಾರದ ಜೊತೆಗೂ, ಸೋಡಾದಂಥ ಚುರುಕಿನ ಪಾನೀಯವನ್ನು ಮೊನಚಿನ ಜೊತೆಗೂ ಸೇರಿಸ್ತಾರೆ ಅನ್ನೋದು ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಬ, ಮ, ಲ ಇರೋ ಹೆಸರು ಕೆಡುಕಲ್ಲ. ಆದರೆ ಅಚ್ಚು ಸರಿಯಿಲ್ಲದ, ಗಸಿ ಉಳಿದ ಬೆಲ್ಲವನ್ನು ಯಾವ ಲಕಾರವೂ ಮಾರಿಸಲ್ಲ.

ಆಲೆಮನೆ_ಹೊಗೆ

"ಬೆಲ್ಲ" ಅನ್ನೋ ಪದದಲ್ಲೇ ಬ, ಲ ಎರಡೂ ಅವೆ!

ಕಾಗುಣಿತ

ಬೇವಿನಲ್ಲೂ ಬ ಇದೆ. ಮತ್ತೆ ಶುರು ಮಾಡಬೇಡಿ.

ತೆಂಕಣಗಾಳಿ

ಅಮ್ಮ, ಅಪ್ಪ? ಇಡೀ ಪ್ರಪಂಚದಲ್ಲಿ ಮ ಅಂದರೆ ತಾಯಿ, ಪ ಅಂದರೆ ತಂದೆ. ಇದಂತೂ ಸಹಜ ನಂಟು.

ಕರಾವಳಿ_ಬಿಡಾರ

ಮಂಗಳೂರಿಗೆ ಬನ್ನಿ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ.

ಗಂಗೋತ್ರಿ_ಬೆಂಚು

ಜಾರ್ಜಿಯನ್ ಭಾಷೆಯಲ್ಲೂ ಮಾಮಾ ಅಂದರೆ ತಂದೆ, ದೇದಾ ತಾಯಿ. ಯಾಕಬ್ಸನ್ 1960ರಲ್ಲಿ ಕೊಟ್ಟ ವಿವರಣೆ ಇಷ್ಟು: ಕೂಸಿಗೆ ಮೊದಲು ಸಲೀಸಾಗಿ ಬರೋದು ಅಕಾರ ಮತ್ತು ತುಟಿಯ ವ್ಯಂಜನ. ಹಾಲು ಕುಡಿಯುವಾಗ ಬಾಯಿ ತುಂಬಿರೋದರಿಂದ ಮೂಗಿನಿಂದ ಬರೋ ಗುನುಗು ಮಕಾರ. ಅದನ್ನು ಯಾರ ಹೆಸರು ಅಂತ ಹಿಡಿಯಬೇಕು ಅನ್ನೋದನ್ನು ತೀರ್ಮಾನಿಸೋರು ದೊಡ್ಡವರು. ಹೆಚ್ಚಿನ ಕಡೆ ತಾಯಿಗೆ ಹೋಗುತ್ತೆ, ತುಳುವಿನಲ್ಲಿ ಹೋಗಲಿಲ್ಲ.

ಮರದಡಿ

ಮಾತು ಕೂಸಿನ ಕಡೆ ಬಂದಿದ್ದರಿಂದ: ಬುವ್ವ, ಮಮ್ಮು, ತಾಚಿ, ಜೋಜೋ, ಬೌಬೌ. ಮಕ್ಕಳಿಗೆ ಮೊದಲು ಹೇಳಿಕೊಡುವ ಪದಗಳಲ್ಲಿ ಅನುಕರಣ, ಪುನರುಕ್ತಿ ಜಾಸ್ತಿ. ಶಬ್ದಕೋಶ ಬೆಳೆದ ಹಾಗೆ ಅದು ಕಮ್ಮಿಯಾಗುತ್ತೆ. ಕಾರಣವೂ ಉಂಟು. ಹತ್ತಿರದ ಅರ್ಥಕ್ಕೆಲ್ಲ ಹತ್ತಿರದ ಸದ್ದೇ ಇದ್ದರೆ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳೋಕಾಗಲ್ಲ. ದಂಟು, ಸಬ್ಬಸಿಗೆ, ಮೆಂತ್ಯ, ಕೀರೆ ಹೆಸರು ದೂರ ದೂರ ಇರೋದರಿಂದಲೇ ಆ ಗದ್ದಲದಲ್ಲೂ ಕೇಳಿದ್ದೇ ಸಿಗುತ್ತೆ.

ಪ್ಯಾಸೆಂಜರ್_ಗಾಡಿ

ಇದೆಲ್ಲಾ ಸರಿ. ಸೊಪ್ಪು-ಗಿಪ್ಪು, ಕಾಫಿ-ಗೀಫಿ ಅಂತೀವಲ್ಲ, ಅದ್ಯಾಕೆ "ಗಿ"ನೇ? ಇಕಾರ ಇರೋದ್ರಿಂದ ಹಗುರ ಮಾಡ್ದಂಗಾ?

ಹಳಗನ್ನಡ_ಹುಚ್ಚು

ನಿಯಮ ಸರಳ. ಮೊದಲ ಅಕ್ಷರ ತೆಗೆದು ಅಲ್ಲಿ ಗಿ ಹಾಕಿ, ಮೂಲ ಸ್ವರ ದೀರ್ಘವಾಗಿದ್ದರೆ ಗೀ. ಮನೆ-ಗಿನೆ, ಊಟ-ಗೀಟ, ಕ್ಲಾಸು-ಗೀಸು. ಒತ್ತಕ್ಷರ ಪೂರ್ತಿ ಹೋಗುತ್ತೆ. ಇಕಾರದ ಹಗುರತನ ಅನ್ನೋ ವಾದ ನಿಲ್ಲಲ್ಲ. ತಮಿಳರು ಕಿ, ತೆಲುಗರು ಗಿ ಅಂತಾರೆ ನಿಜ, ಆದರೆ ಹಿಂದಿಯವರು ಚಾಯ್-ವಾಯ್, ಬಂಗಾಳಿಗಳು ಚಾ-ಟಾ ಅಂತಾರೆ. ಅಲ್ಲೂ ಅದೇ ಉಡಾಫೆ ಅರ್ಥ, ಇಕಾರ ಇಲ್ಲ. ಇಮ್ಮಡಿಸಿದ್ದಕ್ಕೆ "ಇನ್ನೂ ಅಂಥವು" ಅನ್ನೋ ಅರ್ಥ ಬರೋದು ಹೋಲಿಕೆ. ಯಾವ ಅಕ್ಷರ ಹಾಕೋದು ಅನ್ನೋದು ರೂಢಿ.

ಒಗ್ಗರಣೆ

ಗಿಡಕ್ಕೆ ಏನಂತೀರಿ? ಗಿಡ-ಗಿಡ?

ಹಳಗನ್ನಡ_ಹುಚ್ಚು

ಅಲ್ಲಿ ನಿಯಮ ಕೈಕೊಡುತ್ತೆ, ಎರಡೂ ಒಂದೇ ಆಗಿಬಿಡುತ್ತೆ. ಅದಕ್ಕೆ ಬೇರೆ ಪದ ಜೊತೆ ಮಾಡ್ತಾರೆ: ಗಿಡಗಂಟೆ. ಗಿಣಿಗೂ ಹಾಗೇ, ಗಿಣಿ-ಗೊರವಂಕ.

ಪ್ಯಾಸೆಂಜರ್_ಗಾಡಿ

ಗೀಸರ್?

ಹಳಗನ್ನಡ_ಹುಚ್ಚು

ಗೀಸರ್-ಬಾಯ್ಲರ್ ಅನ್ನಿ.

ಸಕ್ಕರೆಸೀಮೆ

ಮುದ್ದೆ-ಗಿದ್ದೆ ಅಂತ ಯಾರಾದ್ರೂ ಅಂದ್ರೆ ಮಾತ್ರ ನಮ್ ಕಡೆ ಸುಮ್ನೆ ಬುಡಕ್ಕಿಲ್ಲ.